ಕೃಪೆ ಸಿಕ್ಕಿದ ಮೇಲೂ ದಿನಾ ಓದು, ಪ್ರಾರ್ಥನೆ ಯಾಕೆ?

ಕೋಲಾರದ ಕಡೆ ಸಂಡೇ ಸ್ಕೂಲ್ ಪಾಠ ಮಾಡುವ ನನಗೆ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಇದು: “ಸರ್, ರಕ್ಷಣೆ ಕೃಪೆಯಿಂದಲೇ ಅಂತೀರಿ. ಮತ್ತೆ ದಿನಾ ಸತ್ಯವೇದ (ಬೈಬಲ್) ಓದಿ, ಪ್ರಾರ್ಥನೆ ಮಾಡಿ ಅಂತ ಯಾಕೆ ಪ್ರಾಣ ತಿಂತೀರಿ?”

ನ್ಯಾಯವಾದ ಪ್ರಶ್ನೆಯೇ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರು ಕೊಟ್ಟ ವರ, ನಮ್ಮ ಕೆಲಸಕ್ಕೆ ಸಿಕ್ಕ ಕೂಲಿಯಲ್ಲ ಅಂತ ಯೇಸುವಿನ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಜನ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಅದರ ಮುಂದಿನ ವಚನವನ್ನೂ ಓದಬೇಕಲ್ವಾ? ಒಳ್ಳೆಯ ಕೆಲಸ ಮಾಡಲೆಂದೇ ದೇವರು ನಮ್ಮನ್ನು ಉಂಟುಮಾಡಿದ ಅಂತ ಅಲ್ಲಿದೆ.

ನಮ್ಮ ಕಡೆ ಹುಳ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆ ಮಾಡುವುದು ಹುಳ, ರೈತನಲ್ಲ. ಹಾಗಂತ ಸೊಪ್ಪು ಹಾಕದೆ ಮಲಗಿದರೆ ಚಂದ್ರಿಕೆಯಲ್ಲಿ (ಹುಳ ಗೂಡು ಕಟ್ಟುವ ತಟ್ಟಿಯಲ್ಲಿ) ಗೂಡು ಕಾಣುತ್ತದಾ? ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳಕ್ಕೆ, ಮನೆಯಲ್ಲಿ ಮದುವೆ ಇದ್ದರೂ ಸೊಪ್ಪು ತಪ್ಪುವಂತಿಲ್ಲ. ಅದೇ ಹುಳ ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು. ನಿಲ್ಲಿಸುವುದೂ ಶ್ರದ್ಧೆಯೇ. ರಾತ್ರಿಯೆಲ್ಲಾ ನಿದ್ದೆಗೆಟ್ಟು ಉಪವಾಸ ಪ್ರಾರ್ಥನೆ ಮಾಡಿ, ಬೆಳಿಗ್ಗೆ ಹೆಂಡತಿ ಮಕ್ಕಳ ಮೇಲೆ ಹರಿಹಾಯುವವರಿಗೆ ಈ ಮಾತು.

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಹೊರಗೆ ಬರುವಾಗ “ಈ ವರ್ಷ ಸತ್ಯವೇದ ಪೂರ್ತಿ ಓದೇ ಓದ್ತೀನಿ” ಅನ್ನುವವರು ತುಂಬಾ ಜನ. ದಿನಕ್ಕೆ ಮೂರು ಅಧ್ಯಾಯದಂತೆ, ಮೊದಲೆರಡು ಪುಸ್ತಕಗಳಾದ ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಷ್ಟರಲ್ಲಿ ಜನವರಿ ಹೋಗಿರುತ್ತದೆ. ಆಮೇಲೆ ಯಾಜಕಕಾಂಡ. ಬಲಿ, ಹೋಮ, ಕುಷ್ಠದ ನಿಯಮ. ಗಾಡಿ ಅಲ್ಲೇ ನಿಲ್ಲುತ್ತದೆ! ಹೊಸಬರಿಗೆ ನಾನು ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಕೊಡುತ್ತೇನೆ. ಬರೀ 16 ಅಧ್ಯಾಯ. ದಿನಕ್ಕೊಂದು ಓದಿ, ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿ, ಭಾನುವಾರ ಅಯ್ಯನವರನ್ನು (ಪಾಸ್ಟರನ್ನು) ಕೇಳಿ. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೇ ಸುಮ್ನೆ ಒಪ್ಪಲಿಲ್ಲ, ದಿನಾ ಶಾಸ್ತ್ರ ತೆಗೆದು ಹೌದೋ ಅಲ್ಲವೋ ಅಂತ ನೋಡುತ್ತಿದ್ದರು. ನಿಮ್ಮ ಗೀಟು ನೋಡಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಂದಹಾಗೆ, ನಾವು ಆಕಳಿಸುತ್ತಾ ಓದುವ ಈ ಪುಸ್ತಕ ಕನ್ನಡಕ್ಕೆ ಬರಲು ವರ್ಷಗಳೇ ಹಿಡಿದವು. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ಜೊತೆಗಾರರೂ ಕೂತು ತರ್ಜುಮೆ ಮಾಡಿದ ಪೂರ್ತಿ ಬೈಬಲ್ ಬಂದದ್ದು 1831ಕ್ಕೆ. ಯಾಜಕಕಾಂಡವನ್ನೂ ಅವರು ಹಾರಿಸಲಿಲ್ಲ.

ಓದು, ಪ್ರಾರ್ಥನೆಗೇ ಶ್ರದ್ಧೆ ಮುಗಿಯಿತು ಅಂದುಕೊಂಡವರ ಜೊತೆ ಮಾತ್ರ ನನ್ನದು ಜಗಳ. ಪೌಲ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಸುವಾರ್ತೆ ಸಾರಿದ. ಮಾರ್ಕೆಟ್‌ಗೆ ಹೋಗುವ ಟೊಮೆಟೊ ಬಾಕ್ಸ್‌ನಲ್ಲಿ ಮೇಲೆ ಗಟ್ಟಿ ಹಣ್ಣು, ತಳದಲ್ಲಿ ಗೋಲಿಯಷ್ಟು ಹಣ್ಣು ತುಂಬಿದವರು ಭಾನುವಾರ ಮುಂದಿನ ಸಾಲಲ್ಲಿ ಕೂತು ಜೋರಾಗಿ ಆಮೆನ್ ಅಂದರೆ ಏನು ಬಂತು? ತಳದ ಹಣ್ಣು ಸರಿ ಮಾಡಿದರೆ ಅದೂ ಆರಾಧನೆಯೇ ಅಂತ ನಾನು ನಂಬಿದ್ದೇನೆ.

“ಒಂದು ದಿನ ತಪ್ಪಿದರೆ?” ಅಂತ ಕೊನೆಗೆ ಎಲ್ಲರೂ ಕೇಳುತ್ತಾರೆ. ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ಓದಿ ಬಾಕಿ ತೀರಿಸಲು ಹೋಗಬೇಡಿ. ಅವತ್ತಿನದು ಓದಿ, ಸಾಕು. ಬೆಳಗಿನ ಜಾವವೇ ಆಗಬೇಕು ಅಂತಲೂ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸಮ್ಮನಿಗೆ ಮಧ್ಯಾಹ್ನ ಎದ್ದು ಕಾಫಿ ಕುಡಿಯುವ ಹೊತ್ತೇ ಸರಿ. ಮೊಬೈಲಿನಲ್ಲಿ ಓದುವವರು ಮಾತ್ರ ಮೊದಲು ವಾಟ್ಸಾಪ್ ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ.