ಎಡಗೈ ಟಾರ್ಚು

ಮಾರ್ಚ್ 8, 2025, ಶನಿವಾರ ರಾತ್ರಿ

ಬೆರಳ ತುದಿಗೆಲ್ಲ ಗೋಂದು ಮೆತ್ತಿಕೊಂಡಿದೆ. ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದೆ. ಆದರೂ ಬರೆದೇ ಮಲಗುವುದು.

ಪುಟ್ಟಿಯೂ ನಾನೂ ಫೋನಿನಲ್ಲಿ ತೆಗೆಯುತ್ತಿರುವ ಫ್ಯಾಂಟಸಿ ಸಿನಿಮಾಕ್ಕೆಂದು ಮಾಡಿದ ಡ್ರ್ಯಾಗನ್ ಮೊಟ್ಟೆ ಹಾಳಾಯಿತು. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟನ್ನು ನೇರವಾಗಿ ಹೊಡೆದರೆ ಅದರೊಳಗಿನ ಸಾಲ್ವೆಂಟು ಥರ್ಮಾಕೋಲನ್ನೇ ತಿಂದುಹಾಕುತ್ತದೆ, ಮೊದಲು ಬಿಳಿ ಗೋಂದನ್ನು ಎರಡು ಮೂರು ಸಲ ಬಳಿದು ಒಣಗಿಸಬೇಕು ಅಂತ ಪುಟ್ಟಿಗೆ ಪಾಠ ಹೇಳಿದವಳು ನಾನೇ. ಮರೆತು ಹೊಡೆದವಳೂ ನಾನೇ. "ಸಿಡುಬು ಬಂದ ಮೊಟ್ಟೆ" ಅಂದಳು. ಡ್ರಾಯಿಂಗ್ ಪಿನ್ನುಗಳನ್ನು ಹಂಚು ಹೊದಿಸುವ ಹಾಗೆ ಬುಡದಿಂದ ಸಾಲು ಸಾಲಾಗಿ ಚುಚ್ಚಿ ಹುರುಪೆ ಮಾಡುವುದಿತ್ತು. ಈಗ ಪಿನ್ನು ನಿಲ್ಲುವಷ್ಟು ಗಟ್ಟಿ ಜಾಗವೇ ಉಳಿದಿಲ್ಲ.

ಇರಲಿ. ನಾನು ಬರೆಯಬೇಕೆಂದು ಕೂತದ್ದು ಟಾರ್ಚಿನ ವಿಷಯ.

ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿತ್ತಲ್ಲ, ಉದ್ದನೆಯದು, ಲೋಹದ್ದು, ಬಲ್ಬಿಲ್ಲದ್ದು. ಮಾಂತ್ರಿಕನ ಕೋಲಿಗೆ ಅದೇ ಹಿಡಿ. ಗಾಜಿನ ಜಾಗದಲ್ಲಿ ದೊಡ್ಡ ಗೋಲಿ ಕೂರಿಸಿ, ಸುತ್ತ ಗ್ಲೂ ಗನ್ನಿನಿಂದ ಬೇರು ಹಬ್ಬಿದಂತೆ ಗೆರೆ ಎಳೆದಾಗಿತ್ತು. ಉಳಿದದ್ದು ಬಣ್ಣ. ಪೂರ್ತಿ ಕಪ್ಪು ಬಳಿದು, ಒಣಗಿದ ಮೇಲೆ ಬ್ರಷ್ಷಿನ ಬಣ್ಣವನ್ನು ಪೇಪರಿಗೆ ಒರೆಸಿ, ಉಳಿದ ಚೂರುಪಾರು ಬೆಳ್ಳಿ ಬಣ್ಣವನ್ನು ಅಂಚುಗಳಿಗಷ್ಟೇ ಸವರುವುದು. ಕೈ ತಾಗುವ ಕಡೆ ಹೊಳಪು, ತಾಗದ ಸಂದಿಯಲ್ಲಿ ಕೊಳೆ. ನೂರು ವರ್ಷ ಹಳೆಯದಾಗಿ ಕಾಣಿಸುವ ಗುಟ್ಟು ಇಷ್ಟೇ.

ಕಪ್ಪು ಡಬ್ಬಿ ತೆಗೆದಿದ್ದೆ, ಪುಟ್ಟಿ ಕೇಳಿದಳು:

"ಅತ್ತೆ, ಇದು ನಿಜವಾಗ್ಲೂ ಹಳೇದೇ ಅಲ್ವಾ?"

"ಹೂಂ."

"ಹಳೇದನ್ನ ಹಳೇದರ ಥರ ಕಾಣಿಸೋಕೆ ಪೇಂಟ್ ಮಾಡ್ತಿದೀಯಾ?"

ಬ್ರಷ್ ಕೆಳಗಿಟ್ಟು ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದೆ. ನಿಜವಾದ ಸವಕಳಿ ಕ್ಯಾಮೆರಾದಲ್ಲಿ ಬರೀ ಬೆಳಕು ಬಿದ್ದ ಹಾಗೆ ಕಾಣುತ್ತದೆ. ಪಕ್ಕದಲ್ಲೇ ನಾನು ಹೋದ ವಾರ ರಟ್ಟಿನಲ್ಲಿ ಮಾಡಿದ ಕಠಾರಿ, ಅಜ್ಜನ ಅಜ್ಜನ ಕಾಲದ್ದರಂತೆ ಕೂತಿದೆ. ಅವಳು ಒಪ್ಪಲಿಲ್ಲ. ಅದಕ್ಕೆ ಸ್ಟಾರ್ ವಾರ್ಸ್ ಕತೆ ತೆಗೆದೆ. 1977ರ ಆ ಸಿನಿಮಾಕ್ಕೆ ರೋಜರ್ ಕ್ರಿಶ್ಚಿಯನ್ ಎಂಬ ಸೆಟ್ ಡೆಕೊರೇಟರ್ ಬೆಳಕಿನ ಕತ್ತಿಯ ಹಿಡಿ ಹುಡುಕುತ್ತಿದ್ದಾಗ, ಲಂಡನ್ನಿನ ಒಂದು ಫೋಟೋಗ್ರಫಿ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೇ ಫ್ಲ್ಯಾಶ್ ಹಿಡಿಗಳು ಸಿಕ್ಕವಂತೆ. ಹಿಂದಿನ ಕಾಲದ ಪತ್ರಿಕಾ ಫೋಟೋಗ್ರಾಫರುಗಳು ಬಳಸುತ್ತಿದ್ದಂಥವು. ಅದಕ್ಕೆ ಕಪ್ಪು ರಬ್ಬರ್ ಪಟ್ಟಿ ಅಂಟಿಸಿದ, ಕ್ಯಾಲ್ಕ್ಯುಲೇಟರಿನ ಅಂಕಿ ಕಾಣುವ ಪಟ್ಟಿಯನ್ನು ಸಿಕ್ಕಿಸಿದ, ಮುಗಿಯಿತು. ಆ ಸಿನಿಮಾದ ಕಲಾ ನಿರ್ದೇಶನಕ್ಕೆ ಬಂದ ಆಸ್ಕರಿನಲ್ಲಿ ಅವನಿಗೂ ಪಾಲು.

"ಅದು ಸೈನ್ಸ್ ಫಿಕ್ಷನ್. ನಮ್ಮದು ಫ್ಯಾಂಟಸಿ."

"ಕತ್ತಿ ಇದೆ, ಗಡ್ಡದ ಮುದುಕ ಇದಾನೆ, ಸೆರೆಯಲ್ಲಿ ರಾಜಕುಮಾರಿ ಇದಾಳೆ. ಇನ್ನೇನು ಬೇಕು ನಿಂಗೆ?"

ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫ್ಲ್ಯಾಶ್ ಹೋದ್ಮೇಲೆ ಆ ಕ್ಯಾಮೆರಾ ಏನ್ಮಾಡ್ತು?" ಅಂದಳು.

ನನಗೆ ಯಾವತ್ತೂ ಹೊಳೆಯದ ಪ್ರಶ್ನೆ. ಆ ಸಿನಿಮಾದ ಮೇಲೆ ಆಸೆಬಿದ್ದವರು ಇವತ್ತಿಗೂ ಆ ಹಳೇ ಹಿಡಿಗಳನ್ನು ಹುಡುಕಿ ಕೊಂಡು ಕತ್ತಿ ಮಾಡಿಕೊಳ್ಳುತ್ತಾರೆ, ಹಳೇ ಕ್ಯಾಮೆರಾ ಪ್ರೀತಿಸುವವರು ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಇಷ್ಟು ದಿನ ಕತ್ತಿಯವರ ಕಡೆ. ಈಗಲೂ ಅದೇ ಕಡೆ, ಆದರೆ ಟಾರ್ಚನ್ನು ಇನ್ನೊಂದು ಸಲ ತಿರುಗಿಸಿ ನೋಡಿದೆ.

ಸ್ವಿಚ್ಚು ಮೇಲ್ಮುಖವಾಗಿ ಹಿಡಿದರೆ, ಬಲಮಗ್ಗುಲಲ್ಲಿ ನಾಲ್ಕು ಮಸುಕು ಕಲೆ. ಮೇಲಿನ ಬೆಳ್ಳಿ ಲೇಪ ಸವೆದು ಒಳಗಿನ ಹಿತ್ತಾಳೆ ಇಣುಕುತ್ತಿದೆ. ನಾನಾಗಿದ್ದರೆ ಅಲ್ಲಿ ಬ್ರಷ್ ಇಡುತ್ತಲೇ ಇರಲಿಲ್ಲ, ಅಂಚು ಬಿಟ್ಟು ಬೇರೆ ಎಲ್ಲೂ ಇಡುವುದಿಲ್ಲವಲ್ಲ. ನನ್ನ ಬೆರಳುಗಳು ಬಂದು ಕೂರುವುದು ಎಡಮಗ್ಗುಲಿಗೆ, ಅಲ್ಲಿ ಲೇಪ ಹಾಗೇ ಇದೆ. ಏನಪ್ಪಾ ಇದು ಅಂತ ಎಡಗೈಗೆ ತೆಗೆದುಕೊಂಡೆ. ನಾಲ್ಕು ಬೆರಳೂ ನಾಲ್ಕು ಕಲೆಯ ಮೇಲೆ ಹೋಗಿ ಕೂತವು, ಅಳತೆ ತೆಗೆದ ಹಾಗೆ.

ಯಾರೋ ಎಡಗೈಯವರು. ಎಷ್ಟು ರಾತ್ರಿ ಹಿಡಿದು ನಡೆದಿದ್ದರೆ ಲೋಹ ಇಷ್ಟು ಸವೆದೀತು?

ಪುಟ್ಟಿ ಮಲಗಿದ್ದಾಳೆ. ನಾಳೆ ಬೆಳಕು ಚೆನ್ನಾಗಿರುವಾಗಲೇ ಶೂಟಿಂಗ್ ಅಂತೆ, ಅಷ್ಟರಲ್ಲಿ ಮಾಂತ್ರಿಕನ ಗಡ್ಡ ಬೇರೆ ಅಂಟಿಸಬೇಕು, ಉಣ್ಣೆ ದಾರ ಸಾಲದೆ ಒಂದು ಕಡೆ ತೆಳ್ಳಗಾಗಿದೆ. ಕಪ್ಪು ಡಬ್ಬಿಯ ಮುಚ್ಚಳ ಇನ್ನೂ ತೆರೆದೇ ಇದೆ, ಒಣಗಿ ಗಟ್ಟಿಯಾಗುತ್ತಿರಬೇಕು. ಬಳಿಯದೇ ಬಿಟ್ಟರೆ ಫೋನಿನಲ್ಲಿ ಅದು ಬರೀ ಟಾರ್ಚಾಗಿಯೇ ಕಾಣುತ್ತದೆ, ಅದರಲ್ಲಿ ಅನುಮಾನವಿಲ್ಲ. ಕಲೆ ಇರುವ ನಾಲ್ಕು ಜಾಗಕ್ಕೆ ಮಾತ್ರ ಟೇಪ್ ಅಂಟಿಸಿ ಉಳಿದದ್ದಕ್ಕೆ ಕಪ್ಪು ಬಳಿಯಬಹುದು. ಆದರೆ ಹಾಗೆ ಮಾಡಿದರೆ ನಮ್ಮ ಮಾಂತ್ರಿಕ ಕೋಲನ್ನು ಎಡಗೈಯಲ್ಲೇ ಹಿಡಿಯಬೇಕಾಗುತ್ತೆ, ಅವನು ನೋಡಿದರೆ ಬಲಗೈಯವನು, ಮೂರು ಸೀನು ಆಗಲೇ ತೆಗೆದಾಗಿದೆ.