ಅಳಿವೆಯ ಇಳಿತದಲ್ಲಿ ಸಿಕ್ಕಿಬಿದ್ದ ಮಧ್ಯಾಹ್ನ

ಗೋಕರ್ಣದ ಓಂ ಬೀಚಿನಲ್ಲಿ ಚಾಪೆ ಹಾಸಲೂ ಜಾಗವಿಲ್ಲದಂತಹ ಜನವರಿಯ ಒಂದು ಶನಿವಾರ, ನಾನೂ ಕುಮಟೆಯ ಗೆಳೆಯನೂ ಅದೇ ಕರಾವಳಿಯಲ್ಲಿ, ಹೊಳೆಯ ದಕ್ಷಿಣ ದಡದ ಅಘನಾಶಿನಿ ಎಂಬ ಹಳ್ಳಿಯಲ್ಲಿದ್ದೆವು. ನದಿಯ ಹೆಸರೇ ಊರಿನ ಹೆಸರೂ ಆಗಿದೆ. ಎದುರು ದಡದಲ್ಲಿ ತದಡಿಯ ಮೀನುಗಾರಿಕೆ ಬಂದರು, ನಡುವೆ ಜನರನ್ನೂ ಬೈಕುಗಳನ್ನೂ ದಾಟಿಸುವ ತಾರಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಒಂದಕ್ಕೂ ಸಿಗದೆ ಕಡಲಿಗೆ ಬರುವ ಈ ನದಿಯ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವವನ್ನು ಇಲ್ಲಿಯ ಜನ ವಿರೋಧಿಸಿ ನಿಲ್ಲಿಸದೆ ಹೋಗಿದ್ದರೆ, ನಾವು ನೋಡಲು ಹೋದದ್ದು ಏನು ಉಳಿದಿರುತ್ತಿತ್ತೋ ಹೇಳಲಾರೆ.

ಮೊದಲ ಸಂಜೆ ಕಾಗಾಲದ ಕಡೆಯ ಕಿರುಬೇಲೆಯ ಮರಳಿನಲ್ಲಿ ಕಳೆಯಿತು. ಜಂಬಿಟ್ಟಿಗೆ ಕಲ್ಲಿನ ಗುಡ್ಡದ ಬುಡದಲ್ಲಿರುವ ಈ ದಂಡೆಯಲ್ಲಿ ಅಂದು ಒಂದು ಎಳನೀರಿನ ಗಾಡಿಯೂ ಇರಲಿಲ್ಲ. ಕುಡಿಯುವ ನೀರನ್ನು ಹೊತ್ತುಕೊಂಡೇ ಹೋಗಬೇಕಾಯಿತು. ಚಳಿಗಾಲದಲ್ಲಿ ಕಡಲು ಶಾಂತವಾಗಿರುತ್ತದೆಯಾದರೂ, ಹೊಳೆಯ ಬಾಯಿಯ ಹತ್ತಿರ ಈಜುವ ಸಾಹಸವನ್ನು ಯಾರೂ ಮಾಡಬಾರದು, ಏಕೆಂದರೆ ಇಳಿತದ ಹೊತ್ತಿನಲ್ಲಿ ಅಳಿವೆಯ ನೀರೆಲ್ಲ ಆ ಒಂದೇ ಬಾಯಿಯಿಂದ ಕಡಲಿಗೆ ನುಗ್ಗುತ್ತದೆ.

ಈ ಮಾತನ್ನು ಇಷ್ಟು ತಿಳಿದವನಂತೆ ಬರೆಯುತ್ತಿರುವ ನಾನು ಮರುದಿನ ಅದೇ ಇಳಿತಕ್ಕೆ ಸಿಕ್ಕಿಬಿದ್ದೆ. ಅಂದು ಅಮಾವಾಸ್ಯೆ. ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು ಎಂಬುದನ್ನು ಶಾಲೆಯಲ್ಲಿ ಓದಿದ್ದೆವು, ಮರೆತಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಗೆಳೆಯನ ಗಾಳಿ ತುಂಬುವ ಕಯಾಕನ್ನು ನೀರಿಗಿಳಿಸಿದಾಗ ಉಬ್ಬರ ಏರುತ್ತಿತ್ತು. ಹುಟ್ಟು ಹಾಕುವ ಶ್ರಮವೇ ಇಲ್ಲದೆ ಅದು ನಮ್ಮನ್ನು ಒಳಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗಳಿಗೆ ಕರೆದೊಯ್ದಿತು. ಅಲ್ಲಿ ನೆರಳಿತ್ತು, ಸದ್ದಿರಲಿಲ್ಲ, ಮಿಂಚುಳ್ಳಿಯೊಂದು ಪ್ರತಿ ತಿರುವಿನಲ್ಲಿಯೂ ನಮಗಿಂತ ಮುಂದೆ ಹಾರಿ ಕುಳಿತು ಕಾಯುತ್ತಿತ್ತು. ಕಾಂಡ್ಲಾದ ಬೀಜ ಗಿಡದ ಮೇಲೆಯೇ ಮೊಳೆತು, ಹಸಿರು ನುಗ್ಗೆಕಾಯಿಯ ತುಂಡಿನಂತೆ ತೂಗುತ್ತಿರುವುದನ್ನು ನೋಡುತ್ತ, ಊಟದ ಡಬ್ಬಿ ಬಿಚ್ಚಿ, ನಾವು ಹೊತ್ತು ಮರೆತೆವು.

ಹಿಂತಿರುಗುವಾಗ ಕಾಲುವೆ ಬೇರೆಯೇ ಆಗಿತ್ತು. ಬೆಳಿಗ್ಗೆ ಮುಳುಗಿದ್ದ ಬೇರುಗಳು ಮೇಲೆದ್ದಿದ್ದವು. ಅವಕ್ಕೆ ಅಂಟಿದ ಸಿಂಪಿಗಳ ಅಂಚು ಬ್ಲೇಡಿನಂತಿದ್ದು, ಗಾಳಿಯ ಮೇಲೆ ತೇಲುವ ನಮ್ಮ ವಾಹನಕ್ಕೆ ಅವುಗಳಿಗಿಂತ ದೊಡ್ಡ ಶತ್ರುವಿರಲಿಲ್ಲ. ಹೇಗೋ ತಪ್ಪಿಸಿಕೊಂಡು ಬಯಲಿಗೆ ಬಂದರೆ ಗೇಣುದ್ದದ ನೀರು, ಅದರಡಿ ಕಪ್ಪು ಕೆಸರು. ನಾನು ಇಳಿದು ತಳ್ಳಲು ಹೋಗಿ ಮೊಣಕಾಲಿನವರೆಗೆ ಹೂತುಕೊಂಡೆ, ಒಂದು ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಮತ್ತೆ ಹತ್ತಿದೆ. ದೂರದ ಆಳದ ನೀರಿನಲ್ಲಿ ದೋಣಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಗೆಳೆಯ “ಅಜ್ಜಾ, ಬದಿಗೆ ಹೋಗೂದು ಹೇಗೆ?” ಎಂದು ಕೂಗಿದ. “ತಮ್ಮಾ, ಅಲ್ಲಿ ಇಳೀಬೇಡ, ಕೆಸರು. ಹೆಂಗಸರು ನಿಂತ ಬದಿಗೆ ಹೋಗಿ, ಅಲ್ಲಿ ಹೊಯ್ಗೆ ಗಟ್ಟಿ ಉಂಟು” ಎಂದವರು ದೋಣಿಯ ವೇಗವನ್ನೂ ಕಡಿಮೆ ಮಾಡದೆ ಮುಂದೆ ಹೋದರು.

ಹುಟ್ಟಿನಿಂದ ಕೆಸರನ್ನು ಮೀಟುತ್ತ ಮುಕ್ಕಾಲು ಗಂಟೆಯಲ್ಲಿ ಆ ಮರಳದಿಬ್ಬ ತಲುಪಿದಾಗ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ತೆಗೆಯುತ್ತಿದ್ದರು. ನಮ್ಮನ್ನು ಹಿಡಿದುಹಾಕಿದ ಇಳಿತವೇ ಅವರ ದುಡಿಮೆಯ ಹೊತ್ತಾಗಿತ್ತು. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಗೆ ಅಲ್ಯೂಮಿನಿಯಂ ಬೋಗುಣಿಯನ್ನು ತೇಲಿಬಿಟ್ಟು, ಅವರು ಮರಳಿನಲ್ಲಿ ಹೆಜ್ಜೆಯನ್ನು ಮೆಲ್ಲನೆ ತಿರುವುತ್ತ ಚಿಪ್ಪನ್ನು ಪಾದದಿಂದಲೇ ಗುರುತಿಸುತ್ತಾರೆ. ಆಮೇಲಷ್ಟೇ ಕೈ ಕೆಳಗೆ ಹೋಗುತ್ತದೆ, ಬರುವಾಗ ಬರಿದಾಗಿ ಬರುವುದಿಲ್ಲ. ನಾನೂ ಪ್ರಯತ್ನಿಸಿದೆ. ಅರ್ಧ ಗಂಟೆಯಲ್ಲಿ ನನಗೆ ಸಿಕ್ಕಿದ್ದು ಒಂದು ಕಲ್ಲು, ಎರಡು ಖಾಲಿ ಚಿಪ್ಪು ಮತ್ತು ಒಂದು ಬಳಚು. ಅದು ತೀರ ಸಣ್ಣದೆಂದು ಪಕ್ಕದಲ್ಲಿದ್ದ ಅಕ್ಕ ಅದನ್ನು ನನ್ನ ಕೈಯಿಂದ ತೆಗೆದು ನೀರಿಗೆ ಬಿಟ್ಟರು. “ದಿನಾ ಒಂದೇ ಹೊತ್ತಿಗೆ ಬರ್ತೀರಾ?” ಎಂದು ಕೇಳಿದ್ದಕ್ಕೆ ನಕ್ಕರು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅವರ ಅಡುಗೆ, ನಿದ್ರೆ, ಪೇಟೆ ಎಲ್ಲವೂ ಅದರ ಜೊತೆಗೇ ಸರಿಯುತ್ತವೆ. ಅಭಿವೃದ್ಧಿಯಾಗದ ತೀರ ಎಂದರೆ ಖಾಲಿ ಜಾಗ ಎಂದುಕೊಂಡು ಬರುವ ನನ್ನಂಥವರು, ಬೇರೆಯವರ ಕೆಲಸದ ಅಂಗಳದಲ್ಲಿ ಆಟಿಕೆ ಹಿಡಿದು ಓಡಾಡುತ್ತಿರುತ್ತೇವೆ. ಕತ್ತಲಾಗುವ ಹೊತ್ತಿಗೆ ನೀರು ಮತ್ತೆ ಏರಿ ನಮ್ಮನ್ನು ಬಿಡಿಸಿತು.

ಮೂರನೆಯ ಬೆಳಿಗ್ಗೆ ಗಾಳ ಹಿಡಿದು ದಡದಲ್ಲಿ ಕುಳಿತೆವು. ಸಿಗಡಿಯನ್ನು ಸಿಕ್ಕಿಸಿ, ಬೀಸುಬಲೆಯವರಿಗೆ ಅಡ್ಡಿಯಾಗದಷ್ಟು ದೂರದಲ್ಲಿ, ನೀರು ಏರತೊಡಗಿದಾಗ ಹಾಕಬೇಕು ಎಂಬುದಷ್ಟೇ ಗೆಳೆಯನ ಪಾಠ. ಗಜನಿ ಗದ್ದೆಗಳ ತೂಬಿನ ಹತ್ತಿರ ಮಾತ್ರ ಹೋಗಬಾರದು. ಈ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ; ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ತೂಬಿನಲ್ಲಿ ಸಿಗುವುದು ಗದ್ದೆಯವರಿಗೆ ಸೇರಿದ್ದು, ಅಲ್ಲಿ ಗಾಳ ಹಾಕುವುದು ಕದ್ದಂತೆಯೇ. ನನಗೆ ಬೆರಳುದ್ದದ ಎರಡು ಮೀನು ಸಿಕ್ಕಿ ಎರಡನ್ನೂ ಬಿಟ್ಟೆ. ಗೆಳೆಯನಿಗೆ ಸಿಕ್ಕಿದ್ದು ಒಂದು ಕಾಣೆ ಮೀನು: ಹೊಟ್ಟೆ ಬೆಳ್ಳಿಯ ಹಾಗೆ, ಬೆನ್ನು ಒದ್ದೆ ಮರಳಿನ ಬಣ್ಣ. ಮಧ್ಯಾಹ್ನ ಅವನ ಅತ್ತೆ ಅದನ್ನು ರವೆಯಲ್ಲಿ ಹೊರಳಿಸಿ ಹುರಿದು, ಅರ್ಧವನ್ನು ಮಾತ್ರ ನನಗೆ ಬಡಿಸಿ, ಉಳಿದರ್ಧವನ್ನು ಮೀನು ಹಿಡಿದವನ ತಟ್ಟೆಗೆ ಹಾಕಿದರು. ನನ್ನ ಪಾಲಿಗೆ ಇನ್ನೊಂದು ಬಟ್ಟಲು ಬಳಚಿನ ಪಲ್ಯ ಬಂತು.

ಕಗ್ಗ ಬೆಳೆದು ನಿಂತ ಗಜನಿಯನ್ನು ನೋಡಲು ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹೋಗುವುದೆಂದಾಗಿದೆ. ಕಯಾಕ್ ಒಯ್ಯುವುದಿಲ್ಲ, ತಾರಿಯಲ್ಲಿ ದಾಟುತ್ತೇವೆ.