ಚೆಲ್ಲೋ ಕುರ್ಚಿ ಕೊನೆಗೂ ಇಳಿಯುವುದನ್ನು ಬಿಟ್ಟಿತು

ನಿನ್ನೆ ಚೆಲ್ಲೋ (ಕುಳಿತು ಮಂಡಿಗಳ ನಡುವೆ ಹಿಡಿದು ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಅಭ್ಯಾಸ ಮುಗಿಯುವವರೆಗೂ ನನ್ನ ಕುರ್ಚಿಯ ಆಸನ ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ.

ಕುರ್ಚಿಯ ಮೇಲೆ ನನಗೇನೂ ದೂರಿಲ್ಲ. ತೋಳಿಲ್ಲ, ಗಾಲಿಯಿಲ್ಲ, ಆಸನ ಮುಂದಕ್ಕೆ ತುಸು ಬಾಗಿದೆ. ಮಂಡಿ ಸೊಂಟಕ್ಕಿಂತ ಕೆಳಗೆ ನಿಂತು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಚೆಲ್ಲೋ ನುಡಿಸಬಲ್ಲವರೇ ಕುಳಿತು ನೋಡಿ ಮಾಡಿದಂತಿದೆ. ಮಾರಿದ ಮೇಲೆ ಫೋನ್ ಎತ್ತುವ ಕೆಲಸವನ್ನು ಮಾತ್ರ ಕುರ್ಚಿಯನ್ನೇ ಕಂಡಿರದವರಿಗೆ ಒಪ್ಪಿಸಿದ್ದಾರೆ.

ತೊಂದರೆ ಇದು: ಕುಳಿತ ಸ್ವಲ್ಪ ಹೊತ್ತಿಗೆ ಆಸನ ಮೆಲ್ಲಗೆ ಕುಸಿಯುತ್ತಿತ್ತು. ಕಚೇರಿಯ ಕುರ್ಚಿಯಾಗಿದ್ದರೆ ಸಹಿಸಬಹುದಿತ್ತು. ಆದರೆ ಎಂಡ್‌ಪಿನ್, ಅಂದರೆ ಚೆಲ್ಲೋವನ್ನು ನೆಲದ ಮೇಲೆ ನಿಲ್ಲಿಸುವ ಅಡಿಯ ಸರಳನ್ನು, ಬಿಗಿಮಾಡಿದ ಮೇಲೆ ಅದರ ಉದ್ದ ಅಷ್ಟೇ. ನಾವು ಇಳಿದಂತೆ ವಾದ್ಯ ಎದೆಯ ಮೇಲೇರುತ್ತದೆ, ಬಿರಡೆ ಕಿವಿಗೆ ತಗಲುತ್ತದೆ, ಎಡಗೈ ಕೋನ ಕೆಟ್ಟು ಶ್ರುತಿ ಜಾರುತ್ತದೆ.

ಕಂಪನಿಗೆ ಬರೆದೆ. ಬಿಲ್ ಕೇಳಿದರು, ಕೊಟ್ಟೆ. ಫೋಟೊ ಕೇಳಿದರು, ಕೊಟ್ಟೆ. ಆಮೇಲೆ ಮತ್ತೆ ಬಿಲ್ ಕೇಳಿದರು. ಕೊನೆಗೆ ಬಂದ ತೀರ್ಪು: ಗ್ಯಾಸ್ ಸಿಲಿಂಡರ್ (ಆಸನವನ್ನು ಏರಿಸಿ ಇಳಿಸುವ, ಅದರ ಅಡಿಯ ಕಂಬ) ಕೆಟ್ಟಿದೆ, ಬಿಡಿಭಾಗ ಸಿಗುವುದಿಲ್ಲ, ಹೊಸ ಕುರ್ಚಿಗೆ ರಿಯಾಯಿತಿ ಇದೆ.

ರಿಯಾಯಿತಿ ಬೇಡವೆಂದು ಸಿಲಿಂಡರನ್ನು ನಾನೇ ಬದಲಿಸಲು ಹೊರಟೆ. ಹಳೆಯದನ್ನು ಕಿತ್ತ ಕಥೆ ಮಾಮೂಲಿನದೇ: ಪೈಪ್ ರೆಂಚ್, ತುಕ್ಕು ಬಿಡಿಸುವ ಎಣ್ಣೆ, ಸುತ್ತಿಗೆ, ಬೈಗುಳ. ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ, ಡ್ರಿಲ್ ಹಿಡಿದು ಹೋಗಬೇಡಿ. ಅಳತೆ ಸಾಮಾನ್ಯದ್ದೇ, ವ್ಯಾಸ ಮೇಲೆ 28 ಮಿ.ಮೀ., ಕೆಳಗೆ 50. ಗಿಡ್ಡ ಸಿಲಿಂಡರ್ ಕೇಳಿದರೆ ಅಂಗಡಿಯವರು ಬಾರ್ ಸ್ಟೂಲಿನದು ಕಳುಹಿಸಿದರು. ಅದರ ಮೇಲೆ ಕುಳಿತು ಚೆಲ್ಲೋ ನುಡಿಸಲು ಜಿರಾಫೆಯ ಕಾಲು ಬೇಕು. ಬದಲಿಸಿ ತರಿಸಿ ಕೂರಿಸಿದೆ. ಹೊಸದೂ ಇಳಿಯಿತು!

ಎರಡು ಸಿಲಿಂಡರ್‌ಗಳಿಗೆ ಒಂದೇ ರೋಗ ಬರುವುದು ಹೇಗೆ? ಎತ್ತರ ಬದಲಿಸಲು ಎತ್ತುವ, ಆಸನದ ಅಡಿಯ ಲಿವರ್ ಅನ್ನು ಪೂರ್ತಿ ಬಿಚ್ಚಿ, ಬರೀ ಸಿಲಿಂಡರ್ ಮೇಲೆ ಆಸನವಿಟ್ಟು ಕುಳಿತೆ. ಅಲುಗಲಿಲ್ಲ. ಅಲ್ಲಿಗೆ ಕಳ್ಳ ಸಿಕ್ಕ. ಸಿಲಿಂಡರಿನ ನೆತ್ತಿಯ ಗುಂಡಿಯನ್ನು ಒತ್ತಿದರೆ ಒಳಗಿನ ಕವಾಟ ತೆರೆಯುತ್ತದೆ, ಬಿಟ್ಟರೆ ಮುಚ್ಚಬೇಕು. ನನ್ನ ಲಿವರಿನ ನಾಲಿಗೆ, ಅಂದರೆ ಗುಂಡಿಯನ್ನು ಒತ್ತುವ ತುದಿ, ತುಸು ಕೆಳಕ್ಕೆ ಬಾಗಿತ್ತು. ಕೈ ಬಿಟ್ಟರೂ ಗುಂಡಿಯನ್ನು ಸದಾ ಒತ್ತಿಯೇ ಹಿಡಿದಿತ್ತು; ನನ್ನ ಭಾರ ಬಿದ್ದಾಗ ಕವಾಟ ಸೋರುತ್ತಿತ್ತು. ವೈಸ್‌ಗೆ ಸಿಕ್ಕಿಸಿ ನೇರ ಮಾಡಿದೆ, ತುದಿಯನ್ನು ಅರದಿಂದ ಉಜ್ಜಿದೆ. ಈಗ ಹಿಡಿಯನ್ನು ಸ್ವಲ್ಪ ಎತ್ತಿದ ಮೇಲೆಯೇ ಗುಂಡಿಗೆ ತಾಗುತ್ತದೆ. ಕುತೂಹಲಕ್ಕೆ ಹಳೆಯ ಸಿಲಿಂಡರನ್ನೇ ಮತ್ತೆ ಹಾಕಿದೆ. ಕಲ್ಲಿನಂತೆ ನಿಂತಿದೆ.

‘ಲಿವರ್ ಬಿಚ್ಚಿ ಕುಳಿತು ನೋಡಿ’ ಎಂಬ ಒಂದು ಸಾಲನ್ನು ಗ್ರಾಹಕ ಸೇವೆಯವರು ಬರೆದಿದ್ದರೆ ಹೊಸ ಸಿಲಿಂಡರಿನ ದುಡ್ಡು ಉಳಿಯುತ್ತಿತ್ತು. ಅವರು ಬರೆದಿರುವುದು, ‘ನಿಮ್ಮ ಸಮಸ್ಯೆ ಬಗೆಹರಿದಿದೆ, ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

ಮಿಕ್ಕ ಸಿಲಿಂಡರಿಗೆ ಕೆಲಸ ಸಿದ್ಧವಿದೆ. ಮಂಡಿನೋವಿನಿಂದ ಅಮ್ಮನಿಗೆ ನೆಲದ ಮೇಲೆ ಕುಳಿತು ವೀಣೆ ನುಡಿಸಲಾಗುತ್ತಿಲ್ಲ. ಅವರಿಗೊಂದು ಎತ್ತರ ಹೊಂದಿಸುವ ಪೀಠ, ಪಕ್ಕದಲ್ಲಿ ವೀಣೆಯ ದುಂಡನೆಯ ಕೊಡ ಕೂರುವ ಮಣೆ. ಪೀಠ ಏರಿದರೆ ಮಣೆಯೂ ಏರಬೇಕು, ಇಲ್ಲವಾದರೆ ವೀಣೆಯ ದಂಡಿ ಓರೆಯಾಗುತ್ತದೆ. ಎರಡನ್ನೂ ಒಂದೇ ಚೌಕಟ್ಟಿಗೆ ಜೋಡಿಸುವ ಯೋಚನೆಯಿದೆ. ಅದಕ್ಕೂ ಮೊದಲು ಈ ಕುರ್ಚಿಯ ಲಿವರ್ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಹಾಕಬೇಕು: ಚೆಲ್ಲೋದ ನಾಲ್ಕನೆಯ ತಂತಿಯ ಮೇಲೆ ಕಮಾನನ್ನು ಜೋರಾಗಿ ಎಳೆದಾಗಲೆಲ್ಲ ಹಿಡಿ ಗುಂಯ್‌ಗುಡುತ್ತಿದೆ.